ಡಿಸ್ಕ್ ತುಂಬಿದೆಯಂತೆ, ತುಂಬಿದ ಫೈಲ್ ಮಾತ್ರ ಕಾಣುತ್ತಿಲ್ಲ!

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಮೇಲ್ ಸರ್ವರ್ ಮತ್ತು ಡಿಸ್ಕ್ ಜಾಗದ ಗೋಳು. ಹಾಗಾಗಿ ಅದನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮಸ್ಕಾರ ಸರ್. ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ಲಿನಕ್ಸ್, ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್‌ಗಳಿಗೆ ಡವ್‌ಕಾಟ್. ಮೇಲ್, ಲಾಗ್ ಎಲ್ಲ ಇರುವ /ವಾರ್ ಫೋಲ್ಡರ್‌ಗೆ ಅಂತಲೇ 200 ಜಿಬಿಯ ಪಾರ್ಟಿಷನ್ ಇದೆ, ಫೈಲ್ ಸಿಸ್ಟಮ್ ಇಎಕ್ಸ್‌ಟಿ4. ನಿನ್ನೆಯಿಂದ ಹೊರಗಿನ ಮೇಲ್ ಬರುತ್ತಿಲ್ಲ. ಡಿಸ್ಕ್ ಬಳಕೆ ಹೇಳುವ ಡಿಎಫ್ ಕಮಾಂಡ್ ಕೊಟ್ಟರೆ ಬಳಕೆ 190 ಜಿಬಿ, ಉಳಿದಿರುವುದು 0, ಅಂದರೆ 100% ಎನ್ನುತ್ತದೆ. ಫೋಲ್ಡರ್‌ಗಳ ಗಾತ್ರ ಕೂಡಿಸುವ ಡಿಯು ಕೊಟ್ಟರೆ ಒಟ್ಟು 121 ಜಿಬಿ ಅಷ್ಟೇ. ಯಾವುದೋ ತೊಂದರೆ ಹುಡುಕಲು ಡೀಬಗ್ (ಎಲ್ಲವನ್ನೂ ವಿವರವಾಗಿ ಲಾಗ್‌ಗೆ ಬರೆಸುವ ಸೆಟ್ಟಿಂಗ್) ಆನ್ ಮಾಡಿದ್ದೆ, ಮೇಲ್ ಲಾಗ್ ವಿಪರೀತ ಬೆಳೆದಿತ್ತು, ಅದನ್ನು ಆರ್‌ಎಂ ಕೊಟ್ಟು ಅಳಿಸಿದೆ. ಡಿಎಫ್ ಒಂದಿಷ್ಟೂ ಕದಲಲಿಲ್ಲ. ಉಳಿದ 69 ಜಿಬಿ ಎಲ್ಲಿ ಹೋಯಿತು? ಜನರ ಹಳೇ ಮೇಲ್ ಅಳಿಸಬೇಕಾ? ರೀಬೂಟ್ ಮಾಡಲಾ?

ಉತ್ತರ: ಯಾರ ಮೇಲನ್ನೂ ಅಳಿಸಬೇಡಿ. ರೀಬೂಟ್ ಕೂಡ ಸದ್ಯಕ್ಕೆ ಬೇಡ. ಮೊದಲು ಸಮಾಧಾನದ ಮಾತು. ಜಾಗ ಇಲ್ಲದಾಗ ಪೋಸ್ಟ್‌ಫಿಕ್ಸ್ ಹೊರಗಿನ ಸರ್ವರ್‌ಗಳಿಗೆ 452 ಅನ್ನುವ ಉತ್ತರ ಕೊಡುತ್ತದೆ. 4ರಿಂದ ಶುರುವಾಗುವ ಉತ್ತರ ಅಂದರೆ ‘ಈಗ ಆಗಲ್ಲ, ಆಮೇಲೆ ಬನ್ನಿ’ ಎಂದರ್ಥ. ಕಳಿಸಿದವರ ಸರ್ವರ್ ಆ ಮೇಲನ್ನು ತನ್ನ ಕ್ಯೂನಲ್ಲಿ, ಅಂದರೆ ಕಳಿಸಬೇಕಾದ ಮೇಲ್‌ಗಳ ಸಾಲಿನಲ್ಲಿ, ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆ ಕಡೆಯೂ ಪೋಸ್ಟ್‌ಫಿಕ್ಸ್ ಆಗಿದ್ದು, ಸೆಟ್ಟಿಂಗ್ ಯಾರೂ ಮುಟ್ಟಿರದಿದ್ದರೆ 5 ದಿನ ಕಾಯುತ್ತದೆ. ಎಲ್ಲರೂ ಅಷ್ಟು ದಿನ ಕಾಯುತ್ತಾರೆ ಅಂತ ನಂಬಿ ಕೂರುವುದು ಬೇಡ, ಆದರೆ ನಿನ್ನೆಯಿಂದ ನಿಂತ ಮೇಲ್ ಇವತ್ತೇ ಕಳೆದುಹೋಗುವುದಿಲ್ಲ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುವುದೇ ಈ ಹೊತ್ತಿನ ದೊಡ್ಡ ಅಪಾಯ.

ಈಗ ಲೆಕ್ಕಕ್ಕೆ ಬರೋಣ. ಡಿಎಫ್ ಸುಳ್ಳು ಹೇಳುತ್ತಿಲ್ಲ, ಡಿಯು ಕೂಡ ಹೇಳುತ್ತಿಲ್ಲ. ಇಬ್ಬರಿಗೂ ಕೇಳುತ್ತಿರುವ ಪ್ರಶ್ನೆಯೇ ಬೇರೆ. ಡಿಎಫ್ ನೇರವಾಗಿ ಫೈಲ್ ಸಿಸ್ಟಮ್ಮನ್ನು ‘ನಿನ್ನಲ್ಲಿ ಎಷ್ಟು ಬ್ಲಾಕ್ (ಡಿಸ್ಕ್ ಜಾಗದ ತುಂಡು) ಖರ್ಚಾಗಿದೆ’ ಅಂತ ಕೇಳುತ್ತದೆ. ಡಿಯು ಒಂದೊಂದೇ ಫೋಲ್ಡರ್ ಹೊಕ್ಕು, ಹೆಸರಿರುವ ಫೈಲ್‌ಗಳನ್ನು ನೋಡಿ, ಅವು ಹಿಡಿದಿರುವ ಜಾಗವನ್ನು ಕೂಡಿಸುತ್ತಾ ಹೋಗುತ್ತದೆ. ಹಾಗಾದರೆ ಇಬ್ಬರ ಲೆಕ್ಕದ ನಡುವೆ ಇಷ್ಟು ದೊಡ್ಡ ವ್ಯತ್ಯಾಸ ಬಂದರೆ ಏನರ್ಥ? ಜಾಗ ಹಿಡಿದುಕೊಂಡಿರುವುದು ಏನೋ ಇದೆ, ಆದರೆ ಹೆಸರು ಹಿಡಿದು ಹುಡುಕಿದರೆ ಅದು ಸಿಗುತ್ತಿಲ್ಲ. ನಿಮ್ಮ ಹುಡುಕಾಟ ಅರ್ಧ ಮುಗಿಯಿತು, ಯಾಕೆಂದರೆ ಹೆಸರಿಲ್ಲದೆ ಜಾಗ ಹಿಡಿಯುವ ದಾರಿಗಳು ಕೆಲವೇ ಕೆಲವು.

ನಡುವೆ ಒಂದು ಸಣ್ಣ ವಿಷಯ. 200ರಲ್ಲಿ 190 ಬಳಕೆಯಾಗಿ ಉಳಿದಿರುವುದು 0 ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಎಕ್ಸ್‌ಟಿ4 ಮಾಡುವಾಗ 5% ಜಾಗವನ್ನು ರೂಟ್‌ಗೆ (ಎಲ್ಲ ಅಧಿಕಾರ ಇರುವ ಅಡ್ಮಿನ್ ಯೂಸರ್) ಅಂತ ಎತ್ತಿಡುತ್ತದೆ. ನಿಮ್ಮ ಲೆಕ್ಕದಲ್ಲಿ ಅದೇ ಆ 10 ಜಿಬಿ. ಕಾಣೆಯಾದ 69ಕ್ಕೂ ಇದಕ್ಕೂ ಸಂಬಂಧವಿಲ್ಲ. ಬರೀ ಮೇಲ್ ಡೇಟಾ ಇರುವ ಪಾರ್ಟಿಷನ್ ಆದರೆ ಟ್ಯೂನ್2ಎಫ್‌ಎಸ್ ಕಮಾಂಡ್‌ಗೆ -ಎಂ 1 ಕೊಟ್ಟು ಅದನ್ನು 1%ಗೆ ಇಳಿಸಬಹುದು, ಸರ್ವರ್ ನಿಲ್ಲಿಸುವುದೇ ಬೇಡ, ತಕ್ಷಣಕ್ಕೆ 8 ಜಿಬಿ ಉಸಿರಾಡಲು ಸಿಗುತ್ತದೆ. ಆಪರೇಟಿಂಗ್ ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ನಿನಲ್ಲಿ ಮಾತ್ರ ಈ ಆಟ ಆಡಬೇಡಿ.

ಡಿಯು ಓಡಿಸಿದ್ದು ರೂಟ್ ಆಗಿಯೇ ಅಲ್ವಾ? ಮೇಲ್ ಫೋಲ್ಡರ್‌ಗಳಿಗೆ ಬೇರೆಯವರು ಕಾಲಿಡದಂತೆ ಅನುಮತಿ ಇಟ್ಟಿರುತ್ತಾರೆ. ಸಾಮಾನ್ಯ ಯೂಸರ್ ಆಗಿ ಡಿಯು ಕೊಟ್ಟರೆ ಅದು ‘ಪರ್ಮಿಷನ್ ಡಿನೈಡ್’ ಅಂತ ಗೊಣಗಿ, ಆ ಫೋಲ್ಡರ್ ಬಿಟ್ಟು ಮುಂದೆ ಹೋಗುತ್ತದೆ. ಎಷ್ಟೋ ಜನರ ‘ಕಾಣೆಯಾದ ಜಾಗ’ ಇಲ್ಲೇ ಸಿಕ್ಕಿಬಿಡುತ್ತದೆ. ಜೊತೆಗೆ -ಎಕ್ಸ್ ಕೂಡ ಕೊಡಿ. ಇಲ್ಲದಿದ್ದರೆ ಬೇರೆ ಡಿಸ್ಕ್‌ಗಳಲ್ಲಿ ಇರುವುದೂ ಸೇರಿ ಲೆಕ್ಕ ಕಲಸುಮೇಲೋಗರ.

ರೂಟ್ ಆಗಿ ಓಡಿಸಿದರೂ 121 ಜಿಬಿಯೇ ಬಂದರೆ, ಕಳ್ಳ ಯಾರು ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ಅಳಿಸಿದ ಆ ಲಾಗ್.

ಲಿನಕ್ಸ್‌ನಲ್ಲಿ ಆರ್‌ಎಂ ಫೈಲನ್ನು ಅಳಿಸುವುದಿಲ್ಲ, ಫೋಲ್ಡರ್‌ನಲ್ಲಿರುವ ಅದರ ಹೆಸರನ್ನು ಅಳಿಸುತ್ತದೆ. ಕೊನೆಯ ಹೆಸರೂ ಹೋಗಬೇಕು, ಅದನ್ನು ತೆರೆದಿಟ್ಟುಕೊಂಡ ಕೊನೆಯ ಪ್ರೊಸೆಸ್ಸೂ (ಓಡುತ್ತಿರುವ ಪ್ರೋಗ್ರಾಂ) ಕೈಬಿಡಬೇಕು, ಆಗಲೇ ಬ್ಲಾಕ್‌ಗಳು ಬಿಡುಗಡೆ. ಮನೆ ಮುಂದಿನ ನಾಮಫಲಕ ಕಿತ್ತುಹಾಕಿದ ಮಾತ್ರಕ್ಕೆ ಒಳಗಿರುವ ಬಾಡಿಗೆದಾರ ಖಾಲಿ ಮಾಡಿದ ಹಾಗಲ್ಲವಲ್ಲ. ಇಲ್ಲಿ ಬಾಡಿಗೆದಾರ ಬಹುಶಃ ಲಾಗ್ ಬರೆಯುವ ಸೇವೆ, ಆರ್‌ಸಿಸ್‌ಲಾಗ್. ಅದು ಲಾಗ್ ಫೈಲನ್ನು ಒಮ್ಮೆ ತೆರೆದು ಹಾಗೇ ಹಿಡಿದುಕೊಂಡು ಬರೆಯುತ್ತಲೇ ಇರುತ್ತದೆ. ನೀವು ಹೆಸರು ಅಳಿಸಿದ್ದು ಅದಕ್ಕೆ ಗೊತ್ತೂ ಆಗಿಲ್ಲ. ಬೇಕಾದರೆ ಈಗಲೇ ನೋಡಿ: /ವಾರ್/ಲಾಗ್ ಒಳಗೆ ಮೇಲ್ ಲಾಗ್ ಹೊಸದಾಗಿ ಹುಟ್ಟಿಲ್ಲ ಅಲ್ವಾ? ಸರ್ವರ್ ನಡೆಯುತ್ತಿದೆ, ಲಾಗ್ ಮಾತ್ರ ಎಲ್ಲೂ ಕಾಣುತ್ತಿಲ್ಲ ಅಂದರೆ ಅದು ಹೆಸರಿಲ್ಲದ ಹಳೇ ಫೈಲ್‌ಗೇ ಹೋಗುತ್ತಿದೆ. ಡೀಬಗ್ ಇನ್ನೂ ಆನ್ ಇದ್ದರೆ ಬೆಳೆಯುತ್ತಲೂ ಇದೆ.

ಹಿಡಿಯುವುದು ಹೀಗೆ. ರೂಟ್ ಆಗಿ ಎಲ್‌ಎಸ್‌ಒಎಫ್ ಕಮಾಂಡ್‌ಗೆ +ಎಲ್1 ಕೊಡಿ. ಒಂದೂ ಹೆಸರಿಲ್ಲದ, ಆದರೆ ಯಾರೋ ತೆರೆದಿಟ್ಟುಕೊಂಡಿರುವ ಫೈಲ್‌ಗಳನ್ನಷ್ಟೇ ಅದು ತೋರಿಸುತ್ತದೆ. ಸಾಲು ಎಡದಿಂದ ಬಲಕ್ಕೆ ಓದಿ. ಮೊದಲು ಪ್ರೊಸೆಸ್ ಹೆಸರು, ನಂತರ ಅದರ ನಂಬರ್ (812 ಅಂದುಕೊಳ್ಳಿ), ಯೂಸರ್, ಆಮೇಲೆ 7ಡಬ್ಲ್ಯೂ ಅಂತೇನೋ ಇರುತ್ತದೆ. 7 ಅಂದರೆ ಆ ಪ್ರೊಸೆಸ್ ಈ ಫೈಲ್‌ಗೆ ಇಟ್ಟುಕೊಂಡಿರುವ ನಂಬರ್, ಡಬ್ಲ್ಯೂ ಅಂದರೆ ಬರೆಯಲು ತೆರೆದಿದೆ ಎಂದು. ಇನ್ನೂ ಬಲಕ್ಕೆ ಗಾತ್ರ. ನಿಮ್ಮಲ್ಲಿ 73ರಿಂದ ಶುರುವಾಗುವ 11 ಅಂಕಿಯ ಸಂಖ್ಯೆ ಕಂಡರೆ ಅದು ಸುಮಾರು 68 ಜಿಬಿ, ಅಲ್ಲಿಗೆ ಲೆಕ್ಕ ಹೊಂದಿತು. ಅದರ ಪಕ್ಕ ಲಿಂಕ್ ಸಂಖ್ಯೆ 0. ಕೊನೆಯಲ್ಲಿ ಫೈಲಿನ ಹಳೇ ಹೆಸರು ಮತ್ತು ‘ಡಿಲೀಟೆಡ್’ ಅನ್ನುವ ಮಾತು.

ಈಗ ಬಿಡಿಸಿಕೊಳ್ಳಬೇಕು. ಡೀಬಗ್ ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಮುಂದಿನ ವಾರ ಇದೇ ಪತ್ರ ಮತ್ತೆ ಬರೆಯುತ್ತೀರಿ. ಆಮೇಲೆ ಆರ್‌ಸಿಸ್‌ಲಾಗ್‌ಗೆ ಹಪ್ ಸಿಗ್ನಲ್ ಕಳಿಸಿದರೆ ಸಾಕು, ಹಳೇ ಫೈಲ್ ಮುಚ್ಚಿ ಹೊಸದು ತೆರೆಯುತ್ತದೆ. ಡಿಎಫ್ ಆ ಕ್ಷಣವೇ ಇಳಿಯುತ್ತದೆ. ಸುಮ್ನೆ ರೀಸ್ಟಾರ್ಟ್ ಮಾಡಿದರೂ ಆಗುತ್ತದೆ, ಲಾಗ್ ಬರೆಯುವ ಸೇವೆ ಒಂದು ಕ್ಷಣ ನಿಂತರೆ ಮೇಲ್‌ಗೆ ಏನೂ ಆಗಲ್ಲ. ಡವ್‌ಕಾಟ್ ತನ್ನದೇ ಫೈಲ್‌ಗೆ ಲಾಗ್ ಬರೆಯುವಂತೆ ಇಟ್ಟಿದ್ದರೆ ಡವ್‌ಅಡ್ಮ್ ಲಾಗ್ ರೀಓಪನ್ ಕಮಾಂಡ್ ಕೊಡಿ.

ಆದರೆ ಅದಕ್ಕೂ ಮೊದಲು ಯೋಚಿಸಿ, ಆ ಲಾಗ್‌ನಲ್ಲಿ ನಿಮಗೆ ಬೇಕಾದ್ದು ಏನಾದರೂ ಇದೆಯಾ? ಡೀಬಗ್ ಆನ್ ಮಾಡಿದ್ದೇ ಏನೋ ಹುಡುಕಲು ತಾನೇ. ಪ್ರೊಸೆಸ್ ಹಿಡಿದುಕೊಂಡಿರುವವರೆಗೆ ಫೈಲ್ ಬದುಕಿದೆ. /ಪ್ರೋಕ್/812/ಎಫ್‌ಡಿ/7 ಅನ್ನುವ ದಾರಿಯಿಂದ ಅದನ್ನು ಬೇರೆ ಡಿಸ್ಕ್‌ಗೆ ಪೂರ್ತಿ ಕಾಪಿ ಮಾಡಿಕೊಳ್ಳಬಹುದು. ರೀಬೂಟ್ ಬೇಡ ಎಂದಿದ್ದು ಇದಕ್ಕೇ. ರೀಬೂಟ್ ಮಾಡಿದ್ದರೆ ಜಾಗವೂ ಸಿಗುತ್ತಿತ್ತು, ಯಾಕೆ ಹೋಗಿತ್ತು ಅಂತ ಗೊತ್ತೂ ಆಗುತ್ತಿರಲಿಲ್ಲ, ಲಾಗ್ ಕೂಡ ಕೈತಪ್ಪುತ್ತಿತ್ತು. ಹಿಡಿದುಕೊಂಡ ಪ್ರೊಸೆಸ್ಸನ್ನು ಮುಟ್ಟುವಂತೆಯೇ ಇಲ್ಲ ಎನ್ನುವ ಸ್ಥಿತಿ ಇದ್ದರೆ ಅದೇ ದಾರಿಗೆ ಖಾಲಿ ಬರೆದು ಫೈಲನ್ನು ಸೊನ್ನೆಗೆ ಇಳಿಸಬಹುದು, ಜಾಗ ಬರುತ್ತದೆ.

ಇನ್ನು ಮುಂದೆ ದೊಡ್ಡ ಲಾಗ್ ಕಂಡರೆ ಆರ್‌ಎಂ ಬೇಡ, ಟ್ರಂಕೇಟ್ ಕೊಡಿ. ಹೆಸರು ಇರುತ್ತದೆ, ಹೊಟ್ಟೆ ಖಾಲಿಯಾಗುತ್ತದೆ. ಲಾಗ್‌ಗಳನ್ನು ಸರದಿಯಲ್ಲಿ ಬದಲಿಸುವ ಲಾಗ್‌ರೊಟೇಟ್ ಇದ್ದರೂ ಇದೇ ಗೋಳು ಬರುತ್ತಿದ್ದರೆ, ಬದಲಿಸಿದ ಮೇಲೆ ಓಡುವ ಅದರ ಪೋಸ್ಟ್‌ರೊಟೇಟ್ ಭಾಗ ನೋಡಿ. ಫೈಲಿನ ಹೆಸರು ಬದಲಾಯಿಸಿ, ಬರೆಯುವವನಿಗೆ ಮಾತ್ರ ತಿಳಿಸುವುದನ್ನು ಮರೆತಿರುತ್ತಾರೆ.

ಎಲ್‌ಎಸ್‌ಒಎಫ್ ತೋರಿಸಿದ್ದೆಲ್ಲ ಕೂಡಿಸಿದರೂ ಲೆಕ್ಕ ಹೊಂದದಿದ್ದರೆ ಇನ್ನೊಂದು ಜಾಗ ಇದೆ, ಮೇಲ್ ಸರ್ವರ್‌ಗಳಲ್ಲಿ ನಿಜಕ್ಕೂ ಕಾಡುವಂಥದ್ದು. ಮೇಲ್‌ಬಾಕ್ಸ್‌ಗಳನ್ನು ಬೇರೆ ಡಿಸ್ಕ್‌ನಲ್ಲಿಟ್ಟು /ವಾರ್/ವಿಮೇಲ್ ಮೇಲೆ ಮೌಂಟ್ ಮಾಡಿರುತ್ತಾರೆ, ಅಂದರೆ ಆ ಫೋಲ್ಡರ್ ತೆರೆದರೆ ಆ ಡಿಸ್ಕ್ ಕಾಣುವಂತೆ ಜೋಡಿಸಿರುತ್ತಾರೆ ಅಂದುಕೊಳ್ಳಿ. ಒಂದು ದಿನ ಬೂಟ್ ಆಗುವಾಗ ಆ ಡಿಸ್ಕ್ ಮೌಂಟ್ ಆಗಲಿಲ್ಲ. ಡವ್‌ಕಾಟ್‌ಗೆ ಅದರ ಪರಿವೆಯೇ ಇಲ್ಲ, ಖಾಲಿ ಫೋಲ್ಡರ್ ಕಂಡಿತು, ಅಲ್ಲೇ ಹೊಸ ಮೇಲ್‌ಬಾಕ್ಸ್ ಮಾಡಿ ಮೇಲ್ ಹಾಕುತ್ತಾ ಹೋಯಿತು. ಜನ ‘ಹಳೇ ಮೇಲ್ ಎಲ್ಲ ಮಾಯ’ ಅಂತ ಕೂಗಿದ ಮೇಲೆ ಯಾರೋ ಬಂದು ಮೌಂಟ್ ಮಾಡಿದರು, ಹಳೇ ಮೇಲ್ ವಾಪಸ್ ಕಂಡಿತು, ಎಲ್ಲರಿಗೂ ಖುಷಿ. ಆದರೆ ನಡುವಿನ ಆ ಹೊತ್ತಿನಲ್ಲಿ ಬಂದ ಮೇಲ್? ಅದು ಮೌಂಟ್‌ನ ಅಡಿಯಲ್ಲಿ ಹೂತು ಕೂತಿದೆ. ಡಿಎಫ್‌ಗೆ ಗೊತ್ತು, ಡಿಯುಗೆ ಕಾಣಲ್ಲ, ಮೇಲ್ ಬರಬೇಕಾದವರಿಗೂ ಕಾಣಲ್ಲ. ನೋಡಬೇಕೆಂದರೆ /ವಾರ್ ಪಾರ್ಟಿಷನ್ನನ್ನು ಬೈಂಡ್ ಮೌಂಟ್ ಮೂಲಕ /ಎಂಎನ್‌ಟಿ ಕೆಳಗೆ ಇನ್ನೊಮ್ಮೆ ತೋರಿಸಿಕೊಂಡು, ಅಲ್ಲಿ ಡಿಯು ಓಡಿಸಿ. ಬೈಂಡ್ ಮಾಡಿದ ಜಾಗದಲ್ಲಿ ಮೇಲಿನ ಮೌಂಟ್ ಬರುವುದಿಲ್ಲ, ಅಡಿಯಲ್ಲಿ ಇದ್ದದ್ದು ಬಯಲಾಗುತ್ತದೆ.

ಸಿಕ್ಕರೆ ಖುಷಿಯಲ್ಲಿ ಅಳಿಸಬೇಡಿ. ಅವು ಯಾರೋ ಕಾಯುತ್ತಿದ್ದ ನಿಜವಾದ ಮೇಲ್‌ಗಳು, ಆಯಾ ಮೇಲ್‌ಬಾಕ್ಸ್‌ಗೆ ಸೇರಿಸಿದ ಮೇಲೆಯೇ ಜಾಗದ ಮಾತು. ಮುಂದೆ ಹೀಗಾಗದಂತೆ, ಡಿಸ್ಕ್ ಮೌಂಟ್ ಆಗದಿರುವಾಗ ಆ ಖಾಲಿ ಫೋಲ್ಡರ್‌ಗೆ ಚಾಟ್ರ್ +ಐ ಹಾಕಿಡಿ, ಅಲ್ಲಿ ಯಾರೂ ಏನೂ ಬರೆಯಲು ಆಗದು. ಮೌಂಟ್ ತಪ್ಪಿದ ದಿನ ಡೆಲಿವರಿ ಸೋಲುತ್ತದೆ, ಮೇಲ್ ಕ್ಯೂನಲ್ಲೇ ಉಳಿಯುತ್ತದೆ, ಮೌಂಟ್ ಸರಿಯಾದ ಮೇಲೆ ತಾನಾಗಿ ಹೋಗುತ್ತದೆ.

ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಬಳಸುವವರು ಸ್ನ್ಯಾಪ್‌ಶಾಟ್ (ಒಂದು ಹೊತ್ತಿನ ಸ್ಥಿತಿಯನ್ನು ಹಾಗೇ ಉಳಿಸಿಟ್ಟದ್ದು) ನೋಡಿ. ಫೈಲ್ ಅಳಿಸಿದರೂ ಹಳೇ ಸ್ನ್ಯಾಪ್‌ಶಾಟ್ ಅದನ್ನು ಹಿಡಿದುಕೊಂಡಿರುತ್ತದೆ. ನಿಮ್ಮದು ಇಎಕ್ಸ್‌ಟಿ4, ಆ ಚಿಂತೆ ಇಲ್ಲ.

ಪ್ರಶ್ನೆ: ನಮ್ಮದು ಇದಕ್ಕೆ ಉಲ್ಟಾ. ಡಿಎಫ್‌ನಲ್ಲಿ 40% ಖಾಲಿ ಇದೆ. ಆದರೂ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅಂತ ಬಂದು ಮೇಲ್ ನಿಲ್ಲುತ್ತಿದೆ. ಡಿಸ್ಕ್ ಕೆಟ್ಟಿದೆಯಾ?

ಉತ್ತರ: ಡಿಸ್ಕ್ ಚೆನ್ನಾಗಿಯೇ ಇರಬೇಕು. ಡಿಎಫ್‌ಗೆ -ಐ ಸೇರಿಸಿ ಓಡಿಸಿ, ಇನೋಡ್ ಕಾಲಮ್ಮಿನಲ್ಲಿ 100% ಕಾಣುತ್ತದೆ. ಇನೋಡ್ ಅಂದರೆ ಫೈಲಿನ ವಿವರ ಬರೆದಿಡುವ ದಾಖಲೆ, ಪ್ರತಿ ಫೈಲ್‌ಗೂ ಒಂದು ಬೇಕು. ಇಎಕ್ಸ್‌ಟಿ4 ಮಾಡುವಾಗ ಏನೂ ಹೇಳದಿದ್ದರೆ ಸಾಮಾನ್ಯವಾಗಿ 16384 ಬೈಟ್‌ಗೆ ಒಂದರಂತೆ ಇನೋಡ್ ಮಾಡಿಡುತ್ತದೆ, 200 ಜಿಬಿಗೆ ಸುಮಾರು 1.31 ಕೋಟಿ. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಮೇಲ್‌ಡಿರ್ ಪದ್ಧತಿಯಲ್ಲಿ ಒಂದು ಮೇಲ್‌ಗೆ ಒಂದು ಫೈಲ್. 2 ಕೆಬಿ, 3 ಕೆಬಿಯ ಪುಟಾಣಿ ಮೇಲ್‌ಗಳೇ ತುಂಬಿದ್ದರೆ ಜಾಗ ಮುಗಿಯುವ ಮೊದಲೇ ಇನೋಡ್ ಮುಗಿಯುತ್ತದೆ.

ಯಾವ ಫೋಲ್ಡರ್ ನುಂಗಿದೆ ಅಂತ ನೋಡಲು ಡಿಯುಗೆ --ಇನೋಡ್ಸ್ ಕೊಡಿ, ಗಾತ್ರದ ಬದಲು ಸಂಖ್ಯೆ ಹೇಳುತ್ತದೆ. ಹುಡುಕುವ ಮೊದಲೇ ನನ್ನ ಅನುಮಾನ ಎರಡು ಕಡೆ. ಒಂದು, ಯಾರೂ ತೆರೆದು ನೋಡದ ರೂಟ್‌ನ ಮೇಲ್‌ಬಾಕ್ಸ್. ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸೇವೆ) 5 ನಿಮಿಷಕ್ಕೊಮ್ಮೆ ಓಡಿಸುವ ಕೆಲಸ ಪ್ರತಿ ಸಲ ಒಂದು ಸಾಲು ಉಗುಳಿದರೂ ಅದು ಮೇಲ್ ಆಗಿ ಬರುತ್ತದೆ, ದಿನಕ್ಕೆ 288 ಮೇಲ್, ವರ್ಷಕ್ಕೆ ಲಕ್ಷ ದಾಟುತ್ತದೆ. ಅಂಥ ಕ್ರಾನ್ ಹತ್ತಿದ್ದರೆ ಲೆಕ್ಕ ನೀವೇ ಹಾಕಿ. ಇನ್ನೊಂದು, ಪೋಸ್ಟ್‌ಫಿಕ್ಸ್ ಕ್ಯೂನ ಮೇಲ್‌ಡ್ರಾಪ್ ಫೋಲ್ಡರ್. ಮೇಲ್ ಕಳಿಸುವುದೇ ಇಲ್ಲ ಅಂತ ಯಾವುದೋ ಸರ್ವರ್‌ನಲ್ಲಿ ಪೋಸ್ಟ್‌ಫಿಕ್ಸ್ ನಿಲ್ಲಿಸಿಟ್ಟಿರುತ್ತಾರೆ, ಕ್ರಾನ್ ಮಾತ್ರ ಅದಕ್ಕೆ ಮೇಲ್ ಕೊಡುತ್ತಲೇ ಇರುತ್ತದೆ, ಎಲ್ಲ ಮೇಲ್‌ಡ್ರಾಪ್‌ನಲ್ಲಿ ರಾಶಿ ಬೀಳುತ್ತದೆ. ಅಲ್ಲಿ ರಾಶಿ ಕಂಡಾಗ ‘ಪೋಸ್ಟ್‌ಫಿಕ್ಸ್ ಸ್ಟಾರ್ಟ್ ಮಾಡಿ ನೋಡೋಣ’ ಅಂತ ಮಾತ್ರ ಹೊರಡಬೇಡಿ. ವರ್ಷಗಟ್ಟಲೆ ಕೂಡಿದ ಮೇಲ್ ಒಂದೇ ಸಲಕ್ಕೆ ಹೊರಡುತ್ತದೆ.

ಅಳಿಸುವಾಗ ಆರ್‌ಎಂ ಮತ್ತು ನಕ್ಷತ್ರ (*, ಅಂದರೆ ಎಲ್ಲ ಫೈಲ್) ಕೊಟ್ಟರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಅಂತ ಕೈಯೆತ್ತುತ್ತದೆ. ಮೇಲ್‌ಡಿರ್ ಆದರೆ ಫೈಂಡ್‌ನ -ಡಿಲೀಟ್ ಬಳಸಿ, ಕ್ಯೂ ಆದರೆ ಪೋಸ್ಟ್‌ಫಿಕ್ಸ್‌ನದೇ ಕಮಾಂಡ್ ಪೋಸ್ಟ್‌ಸೂಪರ್ ಬಳಸಿ. ಕ್ಯೂ ಫೈಲ್‌ಗಳನ್ನು ಕೈಯಿಂದ ಅಳಿಸುವ ಅಭ್ಯಾಸ ಬೇಡ. ಡಿಫರ್ಡ್ ಕ್ಯೂ (ಸದ್ಯಕ್ಕೆ ಹೋಗದೆ ಉಳಿದ ಮೇಲ್‌ಗಳ ಸಾಲು) ದೊಡ್ಡದಾಗಿದ್ದರೆ ಅಳಿಸುವ ಮೊದಲು ಕ್ಯೂಶೇಪ್ ಓಡಿಸಿ ಯಾವ ಡೊಮೈನ್‌ಗೆ ಹೋಗುವ ಮೇಲ್ ಎಷ್ಟು ಹೊತ್ತಿನಿಂದ ನಿಂತಿದೆ ಅಂತ ನೋಡಿ. ಯಾರದೋ ಪಾಸ್‌ವರ್ಡ್ ಕದ್ದು ನಿಮ್ಮ ಸರ್ವರ್‌ನಿಂದ ಸ್ಪ್ಯಾಮ್ ಕಳಿಸುತ್ತಿರುವುದು ಎಷ್ಟೋ ಸಲ ಮೊದಲು ಗೊತ್ತಾಗುವುದು ಹೀಗೆಯೇ.

ಇಎಕ್ಸ್‌ಟಿ4ನಲ್ಲಿ ಇದ್ದ ಜಾಗದಲ್ಲೇ ಇನೋಡ್ ಸಂಖ್ಯೆ ಹೆಚ್ಚಿಸಲು ಬರುವುದಿಲ್ಲ. ಪಾರ್ಟಿಷನ್ ದೊಡ್ಡದು ಮಾಡಿದರೆ ಅದರ ಜೊತೆ ಇನೋಡ್ ಕೂಡ ಬೆಳೆಯುತ್ತದೆ. ಹೊಸದಾಗಿ ಕಟ್ಟುವುದಾದರೆ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಯೋಚಿಸಿ, ಅದು ಬೇಕಾದ ಹಾಗೆ ಇನೋಡ್ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಎಲ್ಲರಿಗೂ ಹೇಳಿ ಹೇಳಿ ಹಳೇ ಮೇಲ್ ಅಳಿಸಿಸಿದೆವು, ಟ್ರ್ಯಾಶ್ ಕೂಡ ಖಾಲಿ ಮಾಡಿಸಿದೆವು. ಕೋಟಾ ಲೆಕ್ಕದಲ್ಲಿ ಕಮ್ಮಿ ಕಾಣುತ್ತಿದೆ, ಡಿಸ್ಕ್‌ನಲ್ಲಿ ಜಾಗ ಬಂದೇ ಇಲ್ಲ. ಜನ ನಮ್ಮ ಮೇಲೇ ಸಿಟ್ಟಾಗಿದ್ದಾರೆ. ಡವ್‌ಕಾಟ್, ಎಂಡಿಬಾಕ್ಸ್.

ಉತ್ತರ: ಕೊನೆಯ ಆ ಒಂದು ಪದ ಬರೆದಿದ್ದಕ್ಕೆ ಥ್ಯಾಂಕ್ಸ್, ಉತ್ತರ ಅದರಲ್ಲೇ ಇದೆ. ಎಂಡಿಬಾಕ್ಸ್ ಅನ್ನುವ ಮೇಲ್ ಇಡುವ ಪದ್ಧತಿಯಲ್ಲಿ ಒಂದು ಫೈಲ್ ಒಳಗೆ ಹಲವು ಮೇಲ್ ಇರುತ್ತವೆ. ಮೇಲ್ ಪೂರ್ತಿ ಅಳಿಸಿದಾಗ ಡವ್‌ಕಾಟ್ ಇಂಡೆಕ್ಸ್‌ನಲ್ಲಿ ‘ಇದು ಈಗ ಯಾರಿಗೂ ಬೇಡ’ ಅಂತ ಗುರುತು ಹಾಕಿ ಸುಮ್ಮನಾಗುತ್ತದೆ. ಡವ್‌ಅಡ್ಮ್ ಪರ್ಜ್ ಓಡಿಸುವವರೆಗೆ ಡಿಸ್ಕ್‌ನಿಂದ ಏನೂ ಹೋಗುವುದಿಲ್ಲ. ಇದು ಕೆಟ್ಟಿದ್ದಲ್ಲ, ಹಾಗೇ ಮಾಡಿದ್ದು. ರಾತ್ರಿ ಹೊತ್ತು ಕ್ರಾನ್‌ನಲ್ಲಿ ಪರ್ಜ್ ಓಡಲಿ ಅಂತ ಬಿಟ್ಟಿದ್ದಾರೆ, ಆ ಕ್ರಾನ್ ಹಾಕುವುದನ್ನು ಬಹಳ ಜನ ಮರೆಯುತ್ತಾರೆ.

ಈಗ ಡಿಸ್ಕ್ ಅಂಚಿನಲ್ಲಿದೆ ಅನ್ನುವಾಗ ಒಂದು ಎಚ್ಚರಿಕೆ. ಪರ್ಜ್ ಮಾಡುವಾಗ ಅದು ಬೇಕಾದ ಮೇಲ್‌ಗಳನ್ನು ಹೊಸ ಫೈಲ್‌ಗೆ ಬರೆದು, ಆಮೇಲೆ ಹಳೇ ಫೈಲ್ ಅಳಿಸುತ್ತದೆ. ಅಂದರೆ ಜಾಗ ಬಿಡಿಸಲು ಸ್ವಲ್ಪ ಜಾಗ ಬೇಕು. -ಎ ಕೊಟ್ಟು ಎಲ್ಲರಿಗೂ ಒಂದೇ ಏಟಿಗೆ ಓಡಿಸುವ ಬದಲು, ಜಾಸ್ತಿ ಅಳಿಸಿದ ಒಬ್ಬರಿಂದ ಶುರು ಮಾಡಿ, ಡಿಎಫ್ ನೋಡುತ್ತಾ ಮುಂದೆ ಹೋಗಿ.

ಪರ್ಜ್ ಆದ ಮೇಲೂ ಜಾಗ ಬರದಿದ್ದರೆ ಲೇಝಿ ಎಕ್ಸ್‌ಪಂಜ್ ಪ್ಲಗಿನ್ ಆನ್ ಇದೆಯಾ ನೋಡಿ. ಅದು ಅಳಿಸಿದ ಮೇಲನ್ನು ಇನ್ನೊಂದು ಕಡೆ ಗುಟ್ಟಾಗಿ ಎತ್ತಿಡುತ್ತದೆ. ಇನ್ನು ಟ್ರ್ಯಾಶ್ ಖಾಲಿ ಮಾಡಿ ಅಂತ ಜನರ ಹಿಂದೆ ಬೀಳುವುದನ್ನು ಬಿಡಿ. ಟ್ರ್ಯಾಶ್‌ಗೆ ಆಟೋಎಕ್ಸ್‌ಪಂಜ್ 30 ದಿನ ಅಂತ ಇಟ್ಟರೆ ಡವ್‌ಕಾಟ್ ತಾನೇ ಮಾಡುತ್ತದೆ, ಮೊದಲೇ ಎಲ್ಲರಿಗೂ ತಿಳಿಸಿದರೆ ಆಯಿತು. ಟ್ರ್ಯಾಶನ್ನೇ ಕಪಾಟು ಮಾಡಿಕೊಂಡವರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ.

ಪ್ರಶ್ನೆ: ಹತ್ತು ಎಂಬಿ ಫೈಲ್ ಕಳಿಸಿದರೆ ಸರ್ವರ್‌ನಲ್ಲಿ ಅದಕ್ಕಿಂತ ಬಹಳ ಜಾಸ್ತಿ ಹೋಗುತ್ತದಲ್ಲ, ಯಾಕೆ?

ಉತ್ತರ: ಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಅಟ್ಯಾಚ್‌ಮೆಂಟನ್ನು ಬೇಸ್64 ಅನ್ನುವ ಅಕ್ಷರರೂಪಕ್ಕೆ ತಿರುಗಿಸುತ್ತಾರೆ, ಅದರಲ್ಲಿ 3 ಬೈಟ್‌ಗೆ 4 ಅಕ್ಷರ. ಸಾಲು ಮುರಿಯುವ ಚಿಹ್ನೆಗಳೂ ಸೇರಿ ಸುಮಾರು 37% ಉಬ್ಬುತ್ತದೆ, 10 ಎಂಬಿ ಫೈಲ್ 13.7 ಎಂಬಿ ಆಗುತ್ತದೆ. ಅದು ಕಳಿಸಿದವರ ಸೆಂಟ್ ಫೋಲ್ಡರ್‌ನಲ್ಲೊಂದು. ಮೇಲ್‌ಡಿರ್‌ನಲ್ಲಿ ಸಾಮಾನ್ಯವಾಗಿ ಪಡೆದವರಿಗೂ ತಲಾ ಒಂದೊಂದು ಪ್ರತಿ. 50 ಜನರಿಗೆ ಕಳಿಸಿದರೆ ಸುಮಾರು 700 ಎಂಬಿ. ಡವ್‌ಕಾಟ್‌ನಲ್ಲಿ ಮೇಲ್‌ಗಳನ್ನು ಕಂಪ್ರೆಸ್ ಮಾಡಿಡುವ ಸೌಲಭ್ಯ ಇದೆ, ಆನ್ ಮಾಡಿ. ಫೋಟೊ, ಜಿಪ್ ಮುಂತಾದವು ಇನ್ನಷ್ಟು ಕುಗ್ಗದಿದ್ದರೂ ಬೇಸ್64 ಉಬ್ಬಿಸಿದ್ದರಲ್ಲಿ ಹೆಚ್ಚಿನ ಪಾಲು ವಾಪಸ್ ಬರುತ್ತದೆ.

ಪ್ರಶ್ನೆ: ನಮ್ಮದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್. ಡ್ರೈವ್ ತುಂಬ 1 ಎಂಬಿಯ ಲಾಗ್ ಫೈಲ್‌ಗಳು, ಸಾವಿರಾರು. ಹಳೇ ತಾರೀಖಿನವನ್ನು ಅಳಿಸಬಹುದಾ?

ಉತ್ತರ: ಕೈ ಹಚ್ಚಬೇಡಿ. ಅವು ನೀವು ಅಂದುಕೊಂಡ ಲಾಗ್ ಅಲ್ಲ, ಡೇಟಾಬೇಸ್‌ನ ಟ್ರಾನ್ಸಾಕ್ಷನ್ ಲಾಗ್. ಡೇಟಾಬೇಸ್‌ಗೆ ಇನ್ನೂ ಸೇರದ ಬದಲಾವಣೆ ಅವುಗಳಲ್ಲೇ ಇರಬಹುದು, ಬ್ಯಾಕಪ್‌ನಿಂದ ಮರಳಿ ತರುವಾಗಲೂ ಅವು ಬೇಕು. ಎಕ್ಸ್‌ಚೇಂಜ್ ಅರಿತಿರುವ ಬ್ಯಾಕಪ್ ಪೂರ್ತಿ ಮುಗಿದರೆ ಹಳೇ ಲಾಗ್ ತಾನಾಗಿ ಹೋಗುತ್ತದೆ. ಸಾವಿರಾರು ಕೂಡಿವೆ ಅಂದರೆ ನಿಮ್ಮ ಬ್ಯಾಕಪ್ ಎಷ್ಟೋ ದಿನದಿಂದ ಸೋಲುತ್ತಿರಬೇಕು, ಮೊದಲು ಅದನ್ನು ನೋಡಿ. ಸರ್ಕ್ಯುಲರ್ ಲಾಗಿಂಗ್ (ಹಳೇ ಲಾಗ್ ಇಟ್ಟುಕೊಳ್ಳದ ಸೆಟ್ಟಿಂಗ್) ಆನ್ ಮಾಡಿ ಅಂತ ಯಾರಾದರೂ ಹೇಳುತ್ತಾರೆ, ಲಾಗ್ ಹೋಗುವುದೂ ನಿಜ. ಆದರೆ ಆಮೇಲೆ ಡೇಟಾಬೇಸ್ ಕೆಟ್ಟರೆ ಕೊನೆಯ ಬ್ಯಾಕಪ್‌ವರೆಗೆ ಮಾತ್ರ ವಾಪಸ್ ಹೋಗಬಹುದು. ಇನ್ನು ಮೇಲ್‌ಬಾಕ್ಸ್ ಅಳಿಸಿದರೂ ಡೇಟಾಬೇಸ್‌ನ ಇಡಿಬಿ ಫೈಲ್ ಚಿಕ್ಕದಾಗುವುದಿಲ್ಲ. ಒಳಗೆ ಖಾಲಿ ಜಾಗ ಆಗುತ್ತದೆ, ಹೊಸ ಮೇಲ್ ಅದರಲ್ಲೇ ತುಂಬಿಕೊಳ್ಳುತ್ತದೆ. ಡ್ರೈವ್‌ಗೇ ಜಾಗ ಬೇಕೆಂದರೆ ಇನ್ನೊಂದು ಡ್ರೈವ್‌ನಲ್ಲಿ ಹೊಸ ಡೇಟಾಬೇಸ್ ಮಾಡಿ, ಮೇಲ್‌ಬಾಕ್ಸ್‌ಗಳನ್ನು ಅಲ್ಲಿಗೆ ಸಾಗಿಸಿ, ಹಳೆಯದನ್ನು ತೆಗೆಯಿರಿ. ಸಾಗಿಸುವಾಗ ಟ್ರಾನ್ಸಾಕ್ಷನ್ ಲಾಗ್ ಇನ್ನೂ ಜೋರಾಗಿ ಬೆಳೆಯುತ್ತದೆ, ಹಾಗಾಗಿ ಬ್ಯಾಕಪ್ ಸರಿಯಾಗುವ ಮೊದಲು ಇದಕ್ಕೆ ಕೈ ಹಾಕಬೇಡಿ.